ಗೇಟಿನ ಹೊರಗಿನ ಲೆಕ್ಕ

ದೊಡ್ಡ ಸಮಾರಂಭವೊಂದರ ಬಂದೋಬಸ್ತ್ ಎಂದಾಕ್ಷಣ ಲಾಠಿ ಹಿಡಿದ ಪೊಲೀಸರು, ಬ್ಯಾರಿಕೇಡುಗಳು, ಲೋಹಶೋಧಕ ಬಾಗಿಲುಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಆ ದಿನ ಕಣ್ಣಿಗೆ ಬೀಳುವ ಈ ಏರ್ಪಾಡುಗಳೆಲ್ಲ ಅದಕ್ಕೂ ಬಹಳ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕಾದ ಕೆಲವು ಲೆಕ್ಕಗಳ ಫಲ. ಎಷ್ಟು ಜನರನ್ನು ಕರೆಯಲಾಗಿದೆ, ಅವರಿಗೆ ಯಾವ ಹೊತ್ತಿಗೆ ಏನನ್ನು ತಿಳಿಸಲಾಗಿದೆ, ಬಂದವರು ಎಲ್ಲಿ ನಿಂತು ಕಾಯುತ್ತಾರೆ, ಒಂದು ಗೇಟಿನಲ್ಲಿ ಗಂಟೆಗೆ ಎಷ್ಟು ಮಂದಿ ಒಳಹೋಗಬಲ್ಲರು, ಒಳಹೋಗಲಾಗದವರು ಯಾವ ದಾರಿಯಲ್ಲಿ ಹಿಂದಿರುಗುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೋದಲ್ಲಿ ಸಾವಿರ ಪೊಲೀಸರನ್ನು ಹೆಚ್ಚಾಗಿ ನಿಲ್ಲಿಸಿದರೂ ಪ್ರಯೋಜನ ಕಡಿಮೆ. ಇತ್ತೀಚಿನ ದಶಕಗಳ ಅನೇಕ ಜನಸಂದಣಿ ದುರಂತಗಳು ನಡೆದದ್ದು ಸಮಾರಂಭದ ಒಳಗಲ್ಲ, ಅದರ ಬಾಗಿಲಲ್ಲಿ ಅಥವಾ ಬಾಗಿಲಿಗೆ ಸಾಗುವ ದಾರಿಯಲ್ಲಿ.

ಕನ್ನಡಿಗರಿಗೆ ಇದರ ಅತ್ಯಂತ ಹತ್ತಿರದ ಉದಾಹರಣೆ ಬೆಂಗಳೂರಿನದು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ, ಐಪಿಎಲ್‌ನ 18ನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಕಪ್ ಗೆದ್ದ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೆ ಮರುದಿನವೇ ವಿಧಾನಸೌಧದ ಮುಂದೆ ಸನ್ಮಾನವೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮಾಚರಣೆಯೂ ಏರ್ಪಾಡಾದವು. ಸುಮಾರು 35,000 ಮಂದಿಗೆ ಸ್ಥಳವಿರುವ ಕ್ರೀಡಾಂಗಣದ ಸುತ್ತ ಅಂದು ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ಸರ್ಕಾರವೇ ಹೇಳಿತು. ನಮ್ಮ ಮೆಟ್ರೊದಲ್ಲಿ ಆ ಒಂದೇ ದಿನ 9.6 ಲಕ್ಷಕ್ಕೂ ಹೆಚ್ಚು ಮಂದಿ ಪ್ರಯಾಣಿಸಿದರು, ಅದು ಅಲ್ಲಿಯವರೆಗಿನ ದಾಖಲೆ. ಗೇಟುಗಳ ಮುಂದೆ ಉಂಟಾದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸರ್ಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, ಸಂಭ್ರಮಾಚರಣೆಯ ಮೊದಲ ಪ್ರಕಟಣೆ ಸಾಮಾಜಿಕ ಜಾಲತಾಣದಲ್ಲಿ ಹೊರಬಿದ್ದದ್ದು ಬೆಳಿಗ್ಗೆ 7ರ ಸುಮಾರಿಗೆ, ಒಳಗೆ ಹೋಗಲು ಪಾಸು ಬೇಕು ಮತ್ತು ಅವು ಸೀಮಿತವಾಗಿವೆ ಎಂಬ ಮಾತು ಬಂದದ್ದು ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಜನ ಮನೆ ಬಿಟ್ಟಾಗಿತ್ತು, ಅನೇಕರು ಗೇಟಿನ ಮುಂದೆಯೇ ಇದ್ದರು.

ಇಂಥ ಘಟನೆಗಳ ನಂತರ ನಮ್ಮಲ್ಲಿ ತಪ್ಪದೆ ಕೇಳಿಬರುವ ಮಾತು ‘ಜನರಿಗೆ ಶಿಸ್ತಿಲ್ಲ’ ಎಂಬುದು. ಈ ವಾದ ಎಷ್ಟು ಟೊಳ್ಳೆಂಬುದನ್ನು ಅರಿಯಲು ಆಸ್ಟ್ರೇಲಿಯಾದ ಕನ್ನಡಿಗರತ್ತ ನೋಡಿದರೆ ಸಾಕು. ಸಿಡ್ನಿ ನಗರದ ನಡುಭಾಗದಿಂದ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಲಿವರ್‌ಪೂಲ್ ಮತ್ತು ಅದರ ಆಸುಪಾಸಿನ ಎಡ್ಮಂಡ್‌ಸನ್ ಪಾರ್ಕ್‌ನಂಥ ಹೊಸ ಬಡಾವಣೆಗಳಲ್ಲಿ ಭಾರತೀಯ ಮೂಲದ ಕುಟುಂಬಗಳು ಬಹುಸಂಖ್ಯೆಯಲ್ಲಿ ನೆಲೆಸಿವೆ, ಅವರಲ್ಲಿ ಕನ್ನಡಿಗರೂ ಇದ್ದಾರೆ. ಬೆಂಗಳೂರಿನಲ್ಲಿ ಬಸ್ಸು ಹತ್ತಲು ಮೊಣಕೈ ಬಳಸಿದ ಅದೇ ಮನುಷ್ಯ ಅಲ್ಲಿ ಹತ್ತಾರು ಸಾವಿರ ಜನರ ಕ್ರೀಡಾಂಗಣದಿಂದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿರಾತಂಕವಾಗಿ ರೈಲು ನಿಲ್ದಾಣಕ್ಕೆ ನಡೆದುಬರುತ್ತಾನೆ. 2022ರ ಅಕ್ಟೋಬರ್ 23ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಟಿ-20 ವಿಶ್ವಕಪ್ ಪಂದ್ಯಕ್ಕೆ 90,293 ಪ್ರೇಕ್ಷಕರಿದ್ದರು, ಅವರಲ್ಲಿ ಬಹುಪಾಲು ಉಪಖಂಡದ ಮೂಲದವರೇ; ವಿರಾಟ್ ಕೊಹ್ಲಿ ಅಜೇಯ 82 ರನ್ ಹೊಡೆದು, ಭಾರತ ಕೊನೆಯ ಎಸೆತದಲ್ಲಿ ಗೆದ್ದ ಆ ರಾತ್ರಿಯ ಉನ್ಮಾದ ಬೆಂಗಳೂರಿನ ಉನ್ಮಾದಕ್ಕಿಂತ ಕಡಿಮೆಯದೇನಲ್ಲ. ಜನ ಬದಲಾಗಿರಲಿಲ್ಲ, ಅವರು ನಿಂತಿದ್ದ ಜಾಗ ಬೇರೆಯಾಗಿತ್ತು.

ಜನ ಸಾಯುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಪತ್ರಿಕೆಗಳು ಇದನ್ನು ಕಾಲ್ತುಳಿತವೆಂದು ಕರೆದರೂ, ಹೆಚ್ಚಿನ ಸಾವುಗಳಿಗೆ ಕಾರಣ ಕಾಲಡಿಗೆ ಸಿಕ್ಕಿ ತುಳಿಸಿಕೊಳ್ಳುವುದಲ್ಲ. ನಿಂತಲ್ಲೇ ಎದೆಯ ಮೇಲೆ ಹಿಂದುಮುಂದಿನಿಂದ ಬೀಳುವ ಒತ್ತಡದಿಂದ ಪಕ್ಕೆಲುಬುಗಳು ಅಗಲಲಾಗದೆ ಉಸಿರುಕಟ್ಟುವುದು. ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಜನಸಂದಣಿಯ ಚಲನೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಒಂದು ಚದರ ಮೀಟರ್ ಜಾಗದಲ್ಲಿ ಏಳು ಮಂದಿಯ ಹತ್ತಿರ ಸೇರಿದಾಗ ಗುಂಪು ಬಿಡಿ ಮನುಷ್ಯರ ಸಮೂಹವಾಗಿ ಉಳಿಯದೆ ಬಹುಮಟ್ಟಿಗೆ ದ್ರವದಂತೆ ವರ್ತಿಸುತ್ತದೆಂದು ಅವರು 1993ರ ಪ್ರಬಂಧವೊಂದರಲ್ಲಿ ತೋರಿಸಿದರು. ಆ ಹಂತದಲ್ಲಿ ಒಂದು ತುದಿಯ ತಳ್ಳಾಟ ಅಲೆಯಾಗಿ ಇನ್ನೊಂದು ತುದಿಗೆ ಹರಿದು, ಮಧ್ಯದಲ್ಲಿರುವವರ ಕಾಲು ನೆಲ ಬಿಟ್ಟು ಮೇಲೇಳುತ್ತದೆ, ಉಕ್ಕಿನ ಕಂಬಿಗಳೂ ಬಾಗುತ್ತವೆ. ಹಿಂದಿನ ಸಾಲಿನವನಿಗೆ ಮುಂದೇನಾಗುತ್ತಿದೆ ಎಂಬುದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ; ಅವನ ಪಾಲಿಗೆ ಅದು ಸ್ವಲ್ಪ ನಿಧಾನವಾಗಿ ಸಾಗುತ್ತಿರುವ ಸಾಲು ಮಾತ್ರ. ಚದರ ಮೀಟರಿಗೆ ನಾಲ್ಕೈದು ಮಂದಿ ಸೇರುವ ಮುನ್ನವೇ ಹೊಸಬರ ಒಳಹರಿವನ್ನು ನಿಲ್ಲಿಸಬೇಕೆಂದು ಯೋಜಕರು ಒತ್ತಿ ಹೇಳುವುದಕ್ಕೆ ಇದೇ ಕಾರಣ, ಏಕೆಂದರೆ ಆ ಗಡಿ ದಾಟಿದ ನಂತರ ಗುಂಪಿನ ಒಳಗಿರುವ ಯಾರಿಂದಲೂ, ಪೊಲೀಸನಿಂದಲೂ, ಏನನ್ನೂ ಸರಿಪಡಿಸಲಾಗದು.

ಫ್ರೂಯಿನ್ ದುರಂತದ ಕಾರಣಗಳನ್ನು ನಾಲ್ಕಾಗಿ ಕಂಡರು: ಒತ್ತಡ, ಮಾಹಿತಿ, ಜಾಗ ಮತ್ತು ಸಮಯ. ಇವುಗಳಲ್ಲಿ ಒತ್ತಡವೊಂದೇ ಘಟನೆಯ ಕ್ಷಣದಲ್ಲಿ ಹುಟ್ಟುವಂಥದು, ಉಳಿದ ಮೂರೂ ಮೊದಲೇ ನಿಶ್ಚಿತವಾಗಿರುತ್ತವೆ. ಜಾಗದ ಲೆಕ್ಕವನ್ನು ಅಂಕಿಗಳಲ್ಲಿಯೇ ನೋಡಬಹುದು. ಗ್ಲಾಸ್ಗೊ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 1971ರ ಜನವರಿ 2ರಂದು ಮೆಟ್ಟಿಲಿನ ಮೇಲೆ 66 ಮಂದಿ ಸತ್ತ ಬಳಿಕ ಬ್ರಿಟನ್‌ನಲ್ಲಿ 1973ರಲ್ಲಿ ಹೊರಬಂದ, ಸಾಮಾನ್ಯವಾಗಿ ‘ಗ್ರೀನ್ ಗೈಡ್’ ಎಂದೇ ಕರೆಯಲಾಗುವ ಕೈಪಿಡಿಯ ಪರಿಷ್ಕೃತ ಆವೃತ್ತಿಗಳು, ಒಬ್ಬೊಬ್ಬರನ್ನೇ ಒಳಬಿಡುವ ತಿರುಗುಗೇಟಿನ ಗರಿಷ್ಠ ಸಾಮರ್ಥ್ಯವನ್ನು ಗಂಟೆಗೆ 660 ಮಂದಿ ಎಂದು ಇಟ್ಟುಕೊಳ್ಳುತ್ತವೆ. ಈ ದರದಲ್ಲಿ 35,000 ಮಂದಿಯನ್ನು ಒಂದು ಗಂಟೆಯಲ್ಲಿ ಒಳಬಿಡಲು 54 ತಿರುಗುಗೇಟುಗಳು ಬೇಕು. ಟಿಕೆಟನ್ನೂ ಚೀಲವನ್ನೂ ಕೂಲಂಕಷವಾಗಿ ನೋಡುವುದಾದರೆ ವೇಗ ಇನ್ನೂ ಇಳಿಯುತ್ತದೆ. ಹಾಗೆ ಇಳಿದು 10,000 ಮಂದಿ ಹೊರಗೆ ಉಳಿದರೆಂದುಕೊಂಡರೆ, ಚದರ ಮೀಟರಿಗೆ ಇಬ್ಬರಂತೆ ನೆಮ್ಮದಿಯಾಗಿ ನಿಲ್ಲಿಸಲು 5,000 ಚದರ ಮೀಟರ್, ಅಂದರೆ ಒಂದು ಎಕರೆಗಿಂತ ಹೆಚ್ಚು ಬಯಲು ಬೇಕಾಗುತ್ತದೆ. ಇನ್ನು ಎಂದಿಗೂ ಒಳಹೋಗಲಾಗದ ಲಕ್ಷಾಂತರ ಮಂದಿಯ ಮಾತು ಬಂದರೆ ಲೆಕ್ಕವೇ ಮುರಿದುಬೀಳುತ್ತದೆ, ಅವರಿಗಾಗಿ ಗೇಟು ಎಷ್ಟು ದೊಡ್ಡದಿದ್ದರೂ ಸಾಲದು. ಅವರು ಮನೆಯಿಂದ ಹೊರಡದಂತೆ ನೋಡಿಕೊಳ್ಳುವುದೊಂದೇ ದಾರಿ.

ಸಿಡ್ನಿಯ ಲಿವರ್‌ಪೂಲನ್ನು 1810ರಲ್ಲಿ ಸ್ಥಾಪಿಸಿ ಹೆಸರಿಟ್ಟವನು ಗವರ್ನರ್ ಲಾಕ್ಲನ್ ಮ್ಯಾಕ್ವಾರಿ. ಆ ಹೆಸರನ್ನೇ ಹೊತ್ತ ಇಂಗ್ಲೆಂಡಿನ ನಗರದ ಫುಟ್‌ಬಾಲ್ ಅಭಿಮಾನಿಗಳ ದುರಂತ ಜನಸಂದಣಿ ನಿರ್ವಹಣೆಯ ಇತಿಹಾಸವನ್ನೇ ಬದಲಿಸಿತು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ನಿಂತು ನೋಡುವ ಸುಮಾರು 10,100 ಅಭಿಮಾನಿಗಳಿಗೆ ಮೀಸಲಾಗಿದ್ದದ್ದು ಏಳು ತಿರುಗುಗೇಟುಗಳು. ಮೇಲಿನ ದರದಲ್ಲಿ ಗುಣಿಸಿದರೆ ಅಷ್ಟು ಮಂದಿ ಒಳಹೋಗಲು ಎರಡು ಗಂಟೆಗೂ ಮಿಕ್ಕ ಸಮಯ ಬೇಕಿತ್ತು. ಪಂದ್ಯ ಮೂರಕ್ಕೆ ಆರಂಭವಾಗುವುದಿತ್ತು. ಹೊರಗಿನ ಒತ್ತಡ ಅಪಾಯದ ಮಟ್ಟ ಮುಟ್ಟಿದಾಗ ಪೊಲೀಸರು ನಿರ್ಗಮನದ ದೊಡ್ಡ ಗೇಟೊಂದನ್ನು ತೆರೆಸಿದರು, ಆದರೆ ಆ ಗೇಟಿನಿಂದ ನೇರವಾಗಿ ಎದುರಾಗುವ ಸುರಂಗ ಆಗಲೇ ತುಂಬಿದ್ದ ಬೇಲಿಕಟ್ಟಿದ ಅಂಕಣಗಳಿಗೆ ಹೋಗುತ್ತಿತ್ತು ಮತ್ತು ಅದರ ಬಾಯಿಯನ್ನು ಯಾರೂ ಮುಚ್ಚಲಿಲ್ಲ. ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ಸತ್ತವರನ್ನೇ ಕುಡುಕರೆಂದೂ ಪುಂಡರೆಂದೂ ದೂರಿದ ಮಾತುಗಳು ದಶಕಗಳ ಕಾಲ ಚಲಾವಣೆಯಲ್ಲಿದ್ದವು. 2016ರಲ್ಲಿ ಮರುವಿಚಾರಣೆಯ ಪಂಚರು ಅಭಿಮಾನಿಗಳ ವರ್ತನೆ ಕಾರಣವಲ್ಲವೆಂದೂ, ಅದು ಕಾನೂನುಬಾಹಿರ ಹತ್ಯೆಯೆಂದೂ ತೀರ್ಮಾನಿಸಿದರು. ಶಿಸ್ತಿನ ಕೊರತೆಯನ್ನು ಮೊದಲ ಕಾರಣವಾಗಿ ಹೇಳುವ ಚಾಳಿ ಕೇವಲ ನಮ್ಮದಲ್ಲ ಎಂಬುದಷ್ಟೇ ಇದರಲ್ಲಿನ ಸಮಾಧಾನ.

ಹಿಲ್ಸ್‌ಬರೊದ ಕಣ್ಣಿನಿಂದ ನೋಡಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ತೊಂದರೆ ತಾನಾಗಿಯೇ ಸ್ಪಷ್ಟವಾಗುತ್ತದೆ. ದುರಂತದ ತನಿಖೆಗಾಗಿ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ, ಈ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ಒಗ್ಗದ್ದೆಂದೂ, ಪ್ರವೇಶ ಮತ್ತು ನಿರ್ಗಮನದ ಗೇಟುಗಳು ನೇರವಾಗಿ ರಸ್ತೆಬದಿಯ ಪಾದಚಾರಿ ಮಾರ್ಗಕ್ಕೆ ತೆರೆದುಕೊಳ್ಳುತ್ತವೆಂದೂ ಹೇಳಿತು. ಕಾಯುವ ಸಾಲಿಗೆ ಇರುವ ಜಾಗ ಆ ಪಾದಚಾರಿ ಮಾರ್ಗವೇ. ಅದರಾಚೆಗೆ ಕ್ವೀನ್ಸ್ ರಸ್ತೆಯ ಮತ್ತು ಎಂ. ಜಿ. ರಸ್ತೆಯ ವಾಹನಗಳು. ಇದಕ್ಕೆ ಹೋಲಿಸಿದರೆ, ಒಂದು ಲಕ್ಷ ಮಂದಿ ಹಿಡಿಸುವ ಮೆಲ್ಬರ್ನ್ ಮೈದಾನ ಯಾರಾ ಪಾರ್ಕ್ ಎಂಬ ಮರಗಳ ಬಯಲಿನ ನಡುವೆ ನಿಂತಿದೆ, ರಿಚ್‌ಮಂಡ್ ಮತ್ತು ಜೋಲಿಮಾಂಟ್ ರೈಲು ನಿಲ್ದಾಣಗಳು ಅದರ ಎರಡು ಪಕ್ಕಗಳಲ್ಲಿವೆ, ಹಾಗಾಗಿ ಪಂದ್ಯ ಮುಗಿದ ಮೇಲೆ ಗುಂಪು ಎರಡು ದಿಕ್ಕಿಗೆ ಒಡೆದು ಹುಲ್ಲಿನ ಮೇಲೆ ಹರಡಿಕೊಳ್ಳುತ್ತದೆ. ಸಿಡ್ನಿಯ ಒಲಿಂಪಿಕ್ ಪಾರ್ಕ್ ನಿಲ್ದಾಣವಂತೂ ಗುಂಪಿಗಾಗಿಯೇ ಕಟ್ಟಿದ್ದು. 1998ರಲ್ಲಿ ತೆರೆದ ಈ ನಿಲ್ದಾಣದಲ್ಲಿ ಪ್ರತಿ ಹಳಿಯ ಎರಡೂ ಬದಿಗೆ ಪ್ಲಾಟ್‌ಫಾರಂಗಳಿದ್ದು, ಇಳಿಯುವವರು ಒಂದು ಬದಿಯಿಂದಲೂ ಹತ್ತುವವರು ಇನ್ನೊಂದು ಬದಿಯಿಂದಲೂ ಸಾಗುತ್ತಾರೆ. ಗಂಟೆಗೆ 50,000 ಮಂದಿಯನ್ನು ಸಾಗಿಸುವ ಗುರಿಯಿಂದ ಅದನ್ನು ರೂಪಿಸಲಾಗಿತ್ತು. ಲಿವರ್‌ಪೂಲ್‌ನಿಂದ ಹೊರಟ ಕುಟುಂಬ ಲಿಡ್ಕಂಬ್‌ನಲ್ಲಿ ರೈಲು ಬದಲಿಸಿ ಅಲ್ಲಿಗೆ ತಲುಪುತ್ತದೆ. ಅನೇಕ ದೊಡ್ಡ ಕಾರ್ಯಕ್ರಮಗಳ ಟಿಕೆಟಿನಲ್ಲಿಯೇ ರೈಲಿನ ಪ್ರಯಾಣವೂ ಸೇರಿರುತ್ತದೆ, 2000ದ ಒಲಿಂಪಿಕ್ಸ್‌ನಲ್ಲಿ ಈ ಪದ್ಧತಿಯನ್ನು ವ್ಯಾಪಕವಾಗಿ ಬಳಸಲಾಯಿತು. ಉಚಿತ ಪ್ರಯಾಣದ ಸೌಜನ್ಯದಂತೆ ಕಾಣುವ ಈ ಕ್ರಮ ಸಾವಿರಾರು ಕಾರುಗಳನ್ನು ಕ್ರೀಡಾಂಗಣದ ರಸ್ತೆಯಿಂದ ದೂರವಿಡುತ್ತದೆ.

ಇದೆಲ್ಲ ಆಸ್ಟ್ರೇಲಿಯಾಕ್ಕೆ ತಾನಾಗಿ ಒಲಿದುಬಂದದ್ದಲ್ಲ. ಇದೇ ಒಲಿಂಪಿಕ್ ಪಾರ್ಕ್‌ನ ಷೋಗ್ರೌಂಡಿನಲ್ಲಿ 2001ರ ಜನವರಿ 26ರಂದು ನಡೆದ ‘ಬಿಗ್ ಡೇ ಔಟ್’ ಸಂಗೀತೋತ್ಸವದಲ್ಲಿ ವೇದಿಕೆಯ ಮುಂಭಾಗದ ಒತ್ತಡಕ್ಕೆ ಸಿಲುಕಿದ 16 ವರ್ಷದ ಬಾಲಕಿಯೊಬ್ಬಳು ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಸಹಜ ಸಾವುಗಳ ವಿಚಾರಣೆ ನಡೆಸುವ ಕಾರೊನರ್ ಅಧಿಕಾರಿ 2002ರಲ್ಲಿ ಆಯೋಜಕರ ಏರ್ಪಾಡುಗಳನ್ನು ಟೀಕಿಸಿದರು, ವೇದಿಕೆಯ ಮುಂದಿನ ಗುಂಪನ್ನು ಎರಡನೆಯ ತಡೆಗೋಡೆಯಿಂದ ಬೇರೆ ಅಂಕಣವಾಗಿಸಿ ಅದರೊಳಗಿನ ಸಂಖ್ಯೆಯನ್ನು ಮಿತಿಗೊಳಿಸುವ ಪದ್ಧತಿ ಬಳಿಕ ಬಲವಾಗಿ ಬೇರೂರಿತು. ವಿಕ್ಟೋರಿಯಾ ರಾಜ್ಯದ ಲೋರ್ನ್‌ನಲ್ಲಿ 2016ರ ಡಿಸೆಂಬರ್ 30ರಂದು ‘ಫಾಲ್ಸ್ ಫೆಸ್ಟಿವಲ್’ನಲ್ಲಿ ಸಂಭವಿಸಿದ ನೂಕುನುಗ್ಗಲಿನ ಪಾಠ ಇನ್ನೂ ಸೂಕ್ಷ್ಮವಾದದ್ದು. ಒಂದು ಡೇರೆಯ ವೇದಿಕೆಯಲ್ಲಿ ಹಾಡು ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಇನ್ನೊಂದು ವೇದಿಕೆಯಲ್ಲಿ ಜನಪ್ರಿಯ ತಂಡವೊಂದರ ಕಾರ್ಯಕ್ರಮವಿದ್ದುದರಿಂದ ಸಾವಿರಾರು ಮಂದಿ ಒಮ್ಮೆಗೇ ಡೇರೆಯ ಬಾಯಿಗೆ ನುಗ್ಗಿ, ಮುಂದಿನವರು ಜಾರಿ ಬಿದ್ದು, ಸುಮಾರು 80 ಮಂದಿ ಗಾಯಗೊಂಡರು. ಅಲ್ಲಿ ಹೊರಗಿನಿಂದ ಬಂದ ಅಪಾಯವೇನೂ ಇರಲಿಲ್ಲ. ಎರಡು ಕಾರ್ಯಕ್ರಮಗಳ ನಡುವೆ ಬಿಟ್ಟ ಅಂತರ ಕಡಿಮೆಯಾಗಿತ್ತು. ಕಾರ್ಯಕ್ರಮದ ಪಟ್ಟಿ ಬರೆಯುವ ಸಾಂಸ್ಕೃತಿಕ ಕಾರ್ಯದರ್ಶಿಯೂ ಸುರಕ್ಷತೆಯ ಅಧಿಕಾರಿಯೇ ಎಂಬುದು ನಮ್ಮ ಸಂಘಗಳಲ್ಲಿ ಎಷ್ಟು ಮಂದಿಗೆ ಹೊಳೆದೀತು?

ಕಾನೂನಿನ ಚೌಕಟ್ಟು ಇಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ನ್ಯೂ ಸೌತ್ ವೇಲ್ಸ್ ರಾಜ್ಯದ 2011ರ ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತಾ ಕಾಯಿದೆ, ವ್ಯವಹಾರ ನಡೆಸುವವರು ತಮ್ಮ ನೌಕರರ ಸುರಕ್ಷತೆಗೆ ಮಾತ್ರವಲ್ಲ, ತಮ್ಮ ಚಟುವಟಿಕೆಯಿಂದ ಬಾಧಿತರಾಗಬಹುದಾದ ಇತರರ ಸುರಕ್ಷತೆಗೂ ಕಾರ್ಯತಃ ಸಾಧ್ಯವಿರುವಷ್ಟರ ಮಟ್ಟಿಗೆ ಹೊಣೆಯೆಂದು ಹೇಳುತ್ತದೆ. ‘ಕಾರ್ಯತಃ ಸಾಧ್ಯ’ ಎಂದರೆ ಅಪಾಯ ಎಷ್ಟು ಸಂಭಾವ್ಯ, ಸಂಭವಿಸಿದರೆ ಎಷ್ಟು ಘೋರ, ಅದರ ಬಗ್ಗೆ ಆಯೋಜಕರಿಗೆ ಏನು ಗೊತ್ತಿತ್ತು ಅಥವಾ ಗೊತ್ತಿರಬೇಕಿತ್ತು, ತಡೆಯುವ ಉಪಾಯಗಳೇನಿದ್ದವು ಎಂಬುದನ್ನೆಲ್ಲ ತೂಗಿ, ವೆಚ್ಚದ ಪ್ರಶ್ನೆಯನ್ನು ಕೊನೆಗೆ ಪರಿಗಣಿಸುವುದು. ಹೀಗಾಗಿ ‘ಇಷ್ಟು ಜನ ಬರುತ್ತಾರೆಂದು ಅಂದುಕೊಂಡಿರಲಿಲ್ಲ’ ಎಂಬ ಸಮಜಾಯಿಷಿ ಅಲ್ಲಿ ಸುಲಭವಾಗಿ ನಡೆಯುವುದಿಲ್ಲ. ಅಪಾಯಗಳನ್ನು ಮೊದಲೇ ಪಟ್ಟಿಮಾಡಿ, ಸಂಭವನೀಯತೆ ಮತ್ತು ಪರಿಣಾಮಗಳ ಆಧಾರದ ಮೇಲೆ ಅಳೆದು, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡುವ ಕ್ರಮಕ್ಕೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಒಟ್ಟಾಗಿ 1995ರಲ್ಲಿಯೇ ಮಾನಕವೊಂದನ್ನು ಹೊರತಂದಿದ್ದವು, 2009ರ ಅಂತರರಾಷ್ಟ್ರೀಯ ಮಾನಕ ಅದರ ತಳಹದಿಯ ಮೇಲೆ ರೂಪುಗೊಂಡಿತು. ರಸ್ತೆಯ ವಿಚಾರಕ್ಕೆ ಬಂದರೆ ರಾಜ್ಯವು ಕಾರ್ಯಕ್ರಮಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಪ್ರಮುಖ ಸಂಚಾರ ವ್ಯವಸ್ಥೆಯನ್ನೇ ಅಲುಗಿಸುವ ಉತ್ಸವಗಳು ಮೊದಲ ವರ್ಗಕ್ಕೆ ಸೇರಿದರೆ, ಪೊಲೀಸರ ನೇರ ನಿಯಂತ್ರಣದಲ್ಲಿ ಸಾಗುವ ಸಣ್ಣ ಮೆರವಣಿಗೆಗಳು ನಾಲ್ಕನೆಯದಕ್ಕೆ. ಯಾವ ವರ್ಗ ಎಂಬುದರ ಮೇಲೆ ಎಷ್ಟು ತಿಂಗಳು ಮೊದಲು ಅರ್ಜಿ ಹಾಕಬೇಕೆಂಬುದು ನಿರ್ಧಾರವಾಗುತ್ತದೆ.

ಡಿಸೆಂಬರ್ 31ರ ರಾತ್ರಿ ಸಿಡ್ನಿ ಬಂದರಿನ ಸುತ್ತ ಸುಮಾರು ಹತ್ತು ಲಕ್ಷ ಜನ ಸೇರುವ ಪಟಾಕಿ ಪ್ರದರ್ಶನ ಮೊದಲ ವರ್ಗದ ಮಾದರಿ. ಬಂದರಿನ ದಂಡೆಯುದ್ದಕ್ಕೂ ನೋಡಲು ಅನುಕೂಲವಾದ ಬಯಲುಗಳನ್ನೂ ತೋಟಗಳನ್ನೂ ಗುರುತಿಸಿ, ಒಂದೊಂದಕ್ಕೂ ಹಿಡಿಸುವ ಸಂಖ್ಯೆ ನಿಗದಿಮಾಡಿ, ಕೆಲವಕ್ಕೆ ಟಿಕೆಟ್ ಇಟ್ಟು, ತುಂಬಿದೊಡನೆ ಬಾಗಿಲು ಮುಚ್ಚಿ, ಮುಚ್ಚಿದ ಸುದ್ದಿಯನ್ನು ತಕ್ಷಣ ಅಂತರಜಾಲದಲ್ಲಿ ಪ್ರಕಟಿಸಲಾಗುತ್ತದೆ, ಮನೆಯಲ್ಲಿರುವವರು ಇನ್ನೂ ಹೊರಡುವ ಮುನ್ನ ಅದನ್ನು ನೋಡಬಹುದು. ಸರ್ಕ್ಯುಲರ್ ಕೀ ನಿಲ್ದಾಣದ ಆಸುಪಾಸು ಕಿಕ್ಕಿರಿದರೆ ರೈಲುಗಳು ಅಲ್ಲಿ ನಿಲ್ಲದೆ ಮುಂದೆ ಹೋಗಬಹುದೆಂದು ಮೊದಲೇ ಸಾರಲಾಗಿರುತ್ತದೆ. ರಾತ್ರಿ 9ಕ್ಕೆ ಮಕ್ಕಳಿಗಾಗಿ ಒಂದು ಪ್ರದರ್ಶನ, ನಡುರಾತ್ರಿ ಇನ್ನೊಂದು. ಇದರಿಂದ ಎಳೆಯ ಮಕ್ಕಳ ಕುಟುಂಬಗಳು ದೊಡ್ಡ ಗುಂಪಿಗೆ ಮೂರು ಗಂಟೆ ಮೊದಲೇ ಲಿವರ್‌ಪೂಲ್‌ನಂಥ ದೂರದ ಬಡಾವಣೆಗಳ ರೈಲು ಹಿಡಿಯಬಹುದು. ಇಡೀ ವ್ಯವಸ್ಥೆಯಲ್ಲಿ ಗಮನಿಸಬೇಕಾದದ್ದು, ಜನರನ್ನು ತಡೆಯುವ ಕೆಲಸ ಬಂದರಿನ ದಂಡೆಯಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಕಿಲೋಮೀಟರ್ ಹಿಂದೆ ಆರಂಭವಾಗುತ್ತದೆ ಎಂಬ ಅಂಶವನ್ನು.

ನಮ್ಮ ನಾಡಿಗೂ ಈ ತತ್ತ್ವ ಹೊಸದಲ್ಲ. ತಿರುಮಲದ ವೈಕುಂಠಂ ಕ್ಯೂ ಕಾಂಪ್ಲೆಕ್ಸಿನಲ್ಲಿ ಭಕ್ತರನ್ನು ಕಂಪಾರ್ಟ್‌ಮೆಂಟುಗಳಲ್ಲಿ ಕೂರಿಸಿ, ಊಟ ನೀರು ಕೊಟ್ಟು, ಒಂದೊಂದೇ ಕಂಪಾರ್ಟ್‌ಮೆಂಟನ್ನು ಬಿಡುವ ಪದ್ಧತಿ ಕರ್ನಾಟಕದ ಬಹುತೇಕ ಕುಟುಂಬಗಳಿಗೆ ಸ್ವಾನುಭವ. ಗುಂಪನ್ನು ಸಣ್ಣ ತುಂಡುಗಳಾಗಿ ಒಡೆದು, ಒಂದರ ಒತ್ತಡ ಇನ್ನೊಂದಕ್ಕೆ ತಾಗದಂತೆ ಹಿಡಿದಿಡುವ ಈ ಕ್ರಮವನ್ನು ಜಗತ್ತಿನ ಯಾವ ಕೈಪಿಡಿಯೂ ಮೆಚ್ಚುತ್ತದೆ. ಆದರೂ 2025ರ ಜನವರಿ 8ರಂದು ತಿರುಪತಿಯಲ್ಲಿ ಆರು ಮಂದಿ ಸತ್ತರು. ಅದು ಬೆಟ್ಟದ ಮೇಲಿನ ಸಾಲಿನಲ್ಲಿ ಅಲ್ಲ, ವೈಕುಂಠ ದ್ವಾರ ದರ್ಶನದ ಟೋಕನ್ನುಗಳನ್ನು ಹಂಚುತ್ತಿದ್ದ ಕೆಳಗಿನ ಪಟ್ಟಣದ ಕೇಂದ್ರದ ಬಳಿ. ಸಾಲನ್ನು ನಿಯಂತ್ರಿಸಲು ಕೊಟ್ಟ ಟೋಕನ್ನಿಗೇ ಇನ್ನೊಂದು ಸಾಲು ಹುಟ್ಟಿಕೊಂಡಿತ್ತು, ಆ ಸಾಲಿಗೆ ಕಂಪಾರ್ಟ್‌ಮೆಂಟು ಇರಲಿಲ್ಲ.

ಜನಸಂದಣಿಯ ಸುರಕ್ಷತೆಯೂ ದುಷ್ಕರ್ಮಿಗಳಿಂದ ರಕ್ಷಣೆಯೂ ಒಂದೇ ಯೋಜನೆಯಲ್ಲಿ ಸೇರಬೇಕಾದರೂ, ಎರಡೂ ಪರಸ್ಪರ ಎಳೆದಾಡುವುದುಂಟು. 2010ರ ಏಪ್ರಿಲ್ 17ರಂದು ರಾಯಲ್ ಚಾಲೆಂಜರ್ಸ್ ಮತ್ತು ಮುಂಬೈ ಇಂಡಿಯನ್ಸ್ ನಡುವಿನ ಪಂದ್ಯಕ್ಕೆ ಮುನ್ನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸ್ಫೋಟಗಳಾಗಿ ಹಲವರು ಗಾಯಗೊಂಡ ಬಳಿಕ, ಗೇಟುಗಳಲ್ಲಿ ತಪಾಸಣೆ ಬಿಗಿಯಾದದ್ದು ಸರಿಯೇ. ಆದರೆ ಪ್ರತಿ ಚೀಲಕ್ಕೆ ಹತ್ತು ಸೆಕೆಂಡು ಹೆಚ್ಚಾದರೆ ಹೊರಗಿನ ಸಾಲು ಅಷ್ಟೇ ಉದ್ದವಾಗುತ್ತದೆ, ಉದ್ದವಾದ ಸಾಲು ತಾನೇ ಗುರಿಯಾಗುತ್ತದೆ. 2017ರ ಮೇ 22ರಂದು ಮ್ಯಾಂಚೆಸ್ಟರಿನ ಸಭಾಂಗಣವೊಂದರಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಬರುವಾಗ ಬಾಂಬ್ ಸಿಡಿದು 22 ಮಂದಿ ಸತ್ತದ್ದು ತಪಾಸಣೆಯ ಗೇಟಿನ ಹೊರಭಾಗದ ಮೊಗಸಾಲೆಯಲ್ಲಿ. ಅದೇ ವರ್ಷದ ಜನವರಿಯಲ್ಲಿ ಮೆಲ್ಬರ್ನ್‌ನ ಬರ್ಕ್ ಸ್ಟ್ರೀಟಿನಲ್ಲಿ ಕಾರೊಂದು ಪಾದಚಾರಿಗಳ ಮೇಲೆ ನುಗ್ಗಿ ಆರು ಮಂದಿ ಪ್ರಾಣ ಕಳೆದುಕೊಂಡ ಮೇಲೆ ನಗರದ ಬೀದಿಗಳಲ್ಲಿ ಕಾಂಕ್ರೀಟ್ ದಿಮ್ಮಿಗಳು ಸಾಲಾಗಿ ನಿಂತವು, ಊರಿನವರು ಅವಕ್ಕೆ ಬಣ್ಣಬಣ್ಣದ ಬಟ್ಟೆಯ ಹೊದಿಕೆ ಹೊಲಿದು ತೊಡಿಸಿದರು. ವಾಹನ ತಡೆಯುವ ದಿಮ್ಮಿ ಮನುಷ್ಯರು ಓಡುವ ದಾರಿಯನ್ನೂ ಕಿರಿದಾಗಿಸಬಾರದೆಂಬುದು ಈ ಏರ್ಪಾಡಿನ ನಿಜವಾದ ಪರೀಕ್ಷೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 2025ರ ಮೇ 26ರಂದು, ಅಂದರೆ ಬೆಂಗಳೂರಿನ ದುರಂತಕ್ಕೆ ಒಂಬತ್ತು ದಿನ ಮೊದಲು, ಫುಟ್‌ಬಾಲ್ ವಿಜಯೋತ್ಸವದ ಗುಂಪಿನ ಮೇಲೆ ಕಾರು ಹರಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಸ್ವಸ್ಥನಾದವನೊಬ್ಬನಿಗಾಗಿ ಆಂಬುಲೆನ್ಸ್ ಬಿಡಲು ರಸ್ತೆತಡೆಯನ್ನು ಸರಿಸಿದಾಗ ಅದರ ಬೆನ್ನಿಗೇ ಆ ಕಾರು ಒಳಸೇರಿತ್ತೆಂದು ಪೊಲೀಸರು ಹೇಳಿದರು. ಒಂದು ಅಗತ್ಯಕ್ಕೆ ತೆರೆದ ಬಾಗಿಲನ್ನು ಮರುಕ್ಷಣವೇ ಯಾರು ಮುಚ್ಚಬೇಕೆಂಬುದು ಹಿಲ್ಸ್‌ಬರೊದಲ್ಲಿಯೂ ಇಲ್ಲಿಯೂ ಕಾಣುವ ಒಂದೇ ಪ್ರಶ್ನೆ.

ಇಷ್ಟೆಲ್ಲ ದೊಡ್ಡ ಸಂಖ್ಯೆಗಳ ನಡುವೆ ಸಣ್ಣ ಕಾರ್ಯಕ್ರಮಗಳ ಮಾತು ಮರೆಯಾಗಬಾರದು, ಏಕೆಂದರೆ ಹೊರದೇಶದ ಕನ್ನಡಿಗರು ಆಯೋಜಕರಾಗಿ ನಿಲ್ಲುವುದು ಅಲ್ಲಿಯೇ. ಸಂಘವೊಂದು ಸಿಡ್ನಿಯ ಲಿವರ್‌ಪೂಲ್‌ನ ಬಿಗ್ ಪಾರ್ಕ್‌ನಂಥ ಉದ್ಯಾನದಲ್ಲಿ ರಾಜ್ಯೋತ್ಸವವನ್ನೋ ಗಣೇಶೋತ್ಸವವನ್ನೋ ನಡೆಸುವುದಾದರೆ ನಗರಸಭೆಯ ಅನುಮತಿ, ಸ್ಥಳದ ನಕ್ಷೆ, ಅಪಾಯಗಳ ಪಟ್ಟಿ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ, ಮತ್ತು ಮೂರನೆಯವರಿಗೆ ಆಗುವ ಹಾನಿಯನ್ನು ತುಂಬಿಕೊಡುವ ವಿಮೆ, ಸಾಮಾನ್ಯವಾಗಿ 2 ಕೋಟಿ ಡಾಲರ್ ಮೊತ್ತದ್ದು, ಬೇಕಾಗುತ್ತದೆ. ಗುಂಪು ನಿಯಂತ್ರಿಸಲು ಹಣ ಕೊಟ್ಟು ಕರೆಸುವ ಕಾವಲುಗಾರರಿಗೆ 1997ರ ಭದ್ರತಾ ಉದ್ಯಮ ಕಾಯಿದೆಯ ಪ್ರಕಾರ ಪರವಾನಗಿ ಇರಲೇಬೇಕು. ಈ ಕಾಗದಪತ್ರಗಳು ಅನೇಕರಿಗೆ ಕಿರಿಕಿರಿ ಎನಿಸುತ್ತವೆ. ಆದರೆ ದೋಸೆಯ ಮಳಿಗೆಯೊಂದನ್ನು ನಕ್ಷೆಯ ಮೇಲೆ ಎಲ್ಲಿಡಬೇಕೆಂದು ಯೋಚಿಸಿದರೆ ಅವುಗಳ ಅರ್ಥ ತಿಳಿಯುತ್ತದೆ. ಒಂದು ಕಾವಲಿಯಿಂದ ನಿಮಿಷಕ್ಕೆ ಎರಡು ದೋಸೆ ಇಳಿದರೂ 200 ಮಂದಿಯ ಸಾಲು ಕರಗಲು 100 ನಿಮಿಷ ಹಿಡಿಯುತ್ತದೆ, ಆ ಸಾಲು ಬಾಲದಂತೆ ತಿರುಗಿ ತುರ್ತು ನಿರ್ಗಮನದ ದಾರಿಗೆ ಅಡ್ಡ ನಿಂತರೆ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರೂ ಇದ್ದರೆ, ಬೆಂಕಿ ಹೊತ್ತಿದ ಕ್ಷಣದಲ್ಲಿ ದಾರಿಯೇ ಇಲ್ಲದಂತಾಗುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತದ್ದು ನೆನಪಿರುವ ಹಿರಿಯರು ಇನ್ನೂ ಇದ್ದಾರೆ.

ಯೋಜನೆ ಎಷ್ಟೇ ಚೆನ್ನಾಗಿದ್ದರೂ, ಆ ದಿನ ‘ನಿಲ್ಲಿಸಿ’ ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ಗೊತ್ತಿರಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಪ್ರದೇಶದ ಕಿರುಗಲ್ಲಿಯಲ್ಲಿ 2022ರ ಅಕ್ಟೋಬರ್ 29ರಂದು 159 ಮಂದಿಯ ಸಾವಿಗೆ ಕಾರಣವಾದ ನೂಕುನುಗ್ಗಲು ಸಂಭವಿಸಿದ್ದು ರಾತ್ರಿ ಹತ್ತು ಗಂಟೆಯ ನಂತರ, ಆದರೆ ‘ಇಲ್ಲಿ ಜನ ಒತ್ತಿಕೊಂಡು ಸಾಯುವಂತಿದೆ’ ಎಂಬರ್ಥದ ಮೊದಲ ದೂರವಾಣಿ ಕರೆ ಪೊಲೀಸರಿಗೆ ಹೋದದ್ದು ಸಂಜೆ 6 ಗಂಟೆ 34 ನಿಮಿಷಕ್ಕೆ. ಅಲ್ಲಿ ಅಧಿಕೃತ ಆಯೋಜಕರೇ ಇರಲಿಲ್ಲವಾದ್ದರಿಂದ ಆ ಕರೆಗೆ ಕಿವಿಗೊಡುವ ಕೆಲಸ ನಿರ್ದಿಷ್ಟವಾಗಿ ಯಾರದೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣಗಳ ಸಂಖ್ಯೆಗಳು ಮಧ್ಯಾಹ್ನದಿಂದಲೇ ಜನಪ್ರವಾಹದ ಕಥೆ ಹೇಳುತ್ತಿದ್ದವು. ರೈಲಿನ ನಿಯಂತ್ರಣ ಕೊಠಡಿ, ಪೊಲೀಸರು, ಆಯೋಜಕರು, ಆಂಬುಲೆನ್ಸಿನವರು ಒಂದೇ ಕೊಠಡಿಯಲ್ಲಿ ಒಂದೇ ಪರದೆ ನೋಡುತ್ತ ಕುಳಿತಿರಬೇಕೆಂದು ತಜ್ಞರು ಹೇಳುವುದು ಇಂಥ ಸುಳಿವುಗಳು ಕೈತಪ್ಪದಿರಲೆಂದೇ.

ಜೂನ್ 4ರ ದುರಂತದ ನಂತರ ಕರ್ನಾಟಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆಯೊಂದನ್ನು ವಿಧಾನಮಂಡಲದಲ್ಲಿ ಮಂಡಿಸಿತು. 7,000 ಮಂದಿಯವರೆಗಿನ ಕಾರ್ಯಕ್ರಮಕ್ಕೆ ಠಾಣಾಧಿಕಾರಿ, 50,000ದವರೆಗೆ ಡಿವೈಎಸ್‌ಪಿ, ಅದಕ್ಕೂ ಮೇಲ್ಪಟ್ಟರೆ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರು ಅನುಮತಿ ನೀಡಬೇಕೆಂದೂ, ಅರ್ಜಿಯನ್ನು ಕನಿಷ್ಠ ಹತ್ತು ದಿನ ಮೊದಲು ಸಲ್ಲಿಸಬೇಕೆಂದೂ ಅದು ಸೂಚಿಸುತ್ತದೆ. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಅನುಮತಿ ಸಿಗದೆ ಬೇರೆಡೆಗೆ ಸ್ಥಳಾಂತರಗೊಂಡವು. ಮಸೂದೆಯ ಶ್ರೇಣಿಗಳು ಸ್ವಾಗತಾರ್ಹ, ಆದರೆ ಅವು ಎಣಿಸುವುದು ಎಷ್ಟು ಜನ ಬರುತ್ತಾರೆಂಬುದನ್ನು, ಅವರು ನಿಲ್ಲುವ ಜಾಗವನ್ನಲ್ಲ. 6,000 ಮಂದಿ ಬಯಲಿನಲ್ಲಿ ನಿಂತರೆ ಚಿಂತೆಯಿಲ್ಲ, ಓಣಿಯಲ್ಲಿ ನಿಂತರೆ ಮಾತು ಬೇರೆ. ಇನ್ನು ವಿಜಯೋತ್ಸವಕ್ಕೆ ಹತ್ತು ದಿನಗಳ ನಿಯಮ ಹೇಗೆ ಅನ್ವಯವಾದೀತು, ಗೆಲುವು ರಾತ್ರಿ ಹನ್ನೊಂದಕ್ಕೆ ಗೊತ್ತಾಗುತ್ತದಲ್ಲ ಎಂಬ ಆಕ್ಷೇಪ ಸಹಜವಾಗಿ ಏಳುತ್ತದೆ. ಫೈನಲ್ ಪಂದ್ಯದ ದಿನಾಂಕ ಮಾತ್ರ ಎಂದೂ ಗುಟ್ಟಲ್ಲ, ಗೆದ್ದರೆ ಏನು ಎಂಬ ಯೋಜನೆಯನ್ನು ವಾರಗಳ ಮೊದಲೇ ಸಿದ್ಧಪಡಿಸಿ, ಸೋತರೆ ಕಪಾಟಿನಲ್ಲಿಡಲು ಅಡ್ಡಿಯೇನೂ ಇಲ್ಲ. ಮೆಲ್ಬರ್ನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯದ ದೊಡ್ಡ ಮೆರವಣಿಗೆ ಅಲ್ಲಿ ನಡೆಯುವುದು ಪಂದ್ಯದ ಹಿಂದಿನ ದಿನ, ಎರಡೂ ತಂಡಗಳನ್ನು ಸೇರಿಸಿಕೊಂಡು. 2015ರಿಂದ ವಿಕ್ಟೋರಿಯಾದಲ್ಲಿ ಆ ಶುಕ್ರವಾರ ಸಾರ್ವತ್ರಿಕ ರಜೆ, ಹಾಗಾಗಿ ಮೆರವಣಿಗೆಯ ದಿನ ಯಾವುದು, ಮುಚ್ಚುವ ರಸ್ತೆಗಳು ಯಾವುವು ಎಂಬುದು ಯಾವ ತಂಡ ಗೆಲ್ಲುತ್ತದೆಂದು ತಿಳಿಯುವುದಕ್ಕೆ ಬಹಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.